ನೀರು ಹಚ್ಚಿದ ಮಗ್ಗುಲು

ಈಗ ಬಸವಕಲ್ಯಾಣ ಎಂದು ಬರೆಯುವ ನಮ್ಮೂರಿಗೆ ಆಗ ಎಲ್ಲರೂ ಕಲ್ಯಾಣಿ ಎಂದೇ ಅನ್ನುತ್ತಿದ್ದರು. ಯುದ್ಧದ ವರ್ಷಗಳು ಅವು. ನಮ್ಮ ಯಜಮಾನರ ಕರಿ ಮೋಟಾರು ಬೆಳಿಗ್ಗೆ ಹುಮನಾಬಾದಿಗೆ, ಸಂಜೆ ಮರಳಿ ಕಲ್ಯಾಣಿಗೆ ಮಂದಿಯನ್ನು ಹೊರುತ್ತಿತ್ತು. ಐವರು ಕೂಡುವ ಗಾಡಿಯಲ್ಲಿ ಒಂಬತ್ತು ಜನ, ಮೇಲೆ ಮೆಣಸಿನಕಾಯಿ ಚೀಲ, ಯಾರದಾದರೂ ತೊಡೆಯ ಮೇಲೆ ಒಂದು ಕೋಳಿ. ಒಂದು ದಿನ ಊರ ಹೊರಗಿನ ಏರಿನಲ್ಲಿ ಗೇರ್ ಬಾಕ್ಸಿನೊಳಗೆ ಫುಟಾಣಿ ಹುರಿದಂತೆ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಎತ್ತು ಕಟ್ಟಿ ಎಳೆದು ತಂದರು. ಯಜಮಾನರು ಕೈವಸ್ತ್ರದ ಗಂಟು ಬಿಚ್ಚಿ, ಗೇರ್ ಬಾಕ್ಸಿನ ಎಣ್ಣೆಯ ಜೊತೆ ಇಳಿದು ಬಂದ ಮುರಿದ ಹಲ್ಲುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡುತ್ತ ಕುಳಿತರು.

ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ. ಹೈದರಾಬಾದಿಗೆ ಬರೆದರೆ, ಯುದ್ಧ ಮುಗಿಯಲಿ ಎಂದು ಉತ್ತರ ಬಂತು. ಇತ್ತ ಕಚೇರಿಯ ಕಾಯಿದೆ ಬೇರೆ: ಗಾಡಿ ಹದಿನೈದು ದಿನ ನಿಂತರೆ ಆ ರಸ್ತೆಯ ಪರವಾನಿಗಿ ಇನ್ನೊಬ್ಬರ ಪಾಲು. ನಮಗೆ ಬಂದ ಕೊನೆಯ ದಿನ ಶುಕ್ರವಾರ. ಆಗಿನ ಹೈದರಾಬಾದ್ ಸರಕಾರದಲ್ಲಿ ಶುಕ್ರವಾರ ಕಚೇರಿಗೆ ಸೂಟಿ, ಆದ್ದರಿಂದ ಗುರುವಾರವೇ ಗಾಡಿ ಓಡಿ ತೋರಿಸಬೇಕು. ಇಲ್ಲವಾದರೆ ಯಜಮಾನರು ಮೊದಲಿನಂತೆ ಸೊಲ್ಲಾಪುರಕ್ಕೆ ಹೋಗಿ ಮಂದಿಯ ಲಾರಿ ಓಡಿಸಬೇಕು. ಹಾಗೆ ನಾಲ್ಕು ವರ್ಷ ಕಳೆದಿದ್ದೆವು. ಎರಡು ತಿಂಗಳಿಗೊಮ್ಮೆ ಮನೆಗೆ ಬಂದರೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಬೀಗರಂತೆ ಕೇಳುತ್ತಿದ್ದರು. ಆ ದಿನಗಳು ನನಗೆ ಮತ್ತೆ ಬೇಡವಾಗಿದ್ದವು.

ಹುಮನಾಬಾದಿನಲ್ಲಿ ಯಜಮಾನರ ಗೆಳೆಯರೊಬ್ಬರಿದ್ದರು, ಮೋಟಾರು ರಿಪೇರಿ ಮಾಡುವ ಮಿಸ್ತ್ರಿ. ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನು ಅವರಿಗೆ ಭಾಯಿ ಎನ್ನುತ್ತಿದ್ದೆ. ಶನಿವಾರ ಬಂದವರೇ ಗಾಡಿಯ ಕೆಳಗೆ ತೂರಿ, ಮುರಿದ ಗೇರ್ ಬಾಕ್ಸನ್ನು ಕಳಚಿ ಹೊರತೆಗೆದರು. ಹುಮನಾಬಾದಿನ ಅರಿವೆ ಅಂಗಡಿಯವರ ಕೊಟ್ಟಿಗೆಯಲ್ಲಿ ಹಸಿರು ಕಾರೊಂದು ಬಿದ್ದಿದೆ, ಇಂಜಿನ್ ಸತ್ತಿದೆ, ಗೇರ್ ಬಾಕ್ಸ್ ಜೀವಂತ ಇದೆ ಎಂದರು.

"ಆದ್ರ ಅದು ಬ್ಯಾರೆ ಜಾತಿ ಮೋಟಾರು," ಎಂದರು ಯಜಮಾನರು. "ಬೋಲ್ಟಿಗೆ ಬೋಲ್ಟು ಕೂಡಂಗಿಲ್ಲ."

"ನಡಬರಕ ಒಂದು ಕಬ್ಬಿಣದ ಪಟ್ಟಿ ಹಾಕೂಣು. ಆ ಕಡಿ ತೂತು ಇಂಜಿನ್ನಿಗೆ, ಈ ಕಡಿ ತೂತು ಗೇರ್ ಬಾಕ್ಸಿಗೆ. ವೈನಿ, ದಪ್ಪನ್ನ ರಟ್ಟು ಅದ ಏನ್ರಿ ಮನ್ಯಾಗ? ತೂತಿಂದು ಅಚ್ಚು ತಕ್ಕೋಬೇಕು."

"ರಟ್ಟು ಎಲ್ಲಿಂದ ತರ್ಲಿ ಭಾಯಿ? ಮಕ್ಕಳ ವಹಿಗೇ ಕಾಗದ ಸಿಗವಲ್ದು."

ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಮಿಸ್ತ್ರಿ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, "ಅದೇ ಕೊಡ್ರಿ," ಎಂದರು. "ದಪ್ಪ ಬಡೀರಿ. ಇಂಜಿನ್ ಮಾರಿಗೆ ಒತ್ತಿ ತಗಿತೀನಿ."

"ನೋಡಪಾ," ಎಂದರು ಯಜಮಾನರು, "ಮೋಟಾರಿಗೆ ದಪ್ಪ ರೊಟ್ಟಿ, ನನಗ ತೆಳ್ಳಂದು."

ನಾನು ದಪ್ಪಗೆ ಬಡಿದು, ಹಂಚಿಗೆ ಹಾಕಿದಾಗಿನ ರೂಢಿಯಂತೆ ಮೇಲೆ ನೀರು ಸವರಿ, ಹಸಿಯಾಗಿಯೇ ಕೊಟ್ಟೆ. ಆ ನೀರು ಹಚ್ಚಿದ ಮಗ್ಗುಲನ್ನು ಮಿಸ್ತ್ರಿ ಇಂಜಿನ್ನಿಗೆ ಒತ್ತಿದರು. ಗ್ರೀಸು ಸವರಿದ ಕಬ್ಬಿಣ, ಹಿಟ್ಟು ಅಂಟದೆ ಬಿಟ್ಟುಕೊಂಡಿತು. ನಾಲ್ಕು ತೂತುಗಳ ಗುರುತುಗಳು ಚೊಕ್ಕವಾಗಿ ಮೂಡಿದ್ದವು. ಒಣಗಿದರೆ ರೊಟ್ಟಿ ಕುಗ್ಗುತ್ತದೆ ಎಂದು ನಾನು ಹೇಳಿದ್ದಕ್ಕೆ, ತೂತಿನಿಂದ ತೂತಿಗೆ ದಾರ ಹಿಡಿದು ಗಂಟು ಹಾಕಿಕೊಂಡರು. ಆಕಾರಕ್ಕೆ ರೊಟ್ಟಿ, ಅಳತೆಗೆ ದಾರ.

ನನ್ನ ತವರು ಹುಮನಾಬಾದ್. ಹಾಗಾಗಿ ಭಾನುವಾರ ನಾನೂ ಎತ್ತಿನ ಗಾಡಿ ಹತ್ತಿದೆ, ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು. ಹಸಿರು ಕಾರಿನ ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕುಳಿತಿದ್ದವು. ಅವುಗಳನ್ನು ಎಬ್ಬಿಸಬಾರದು ಎಂಬುದೊಂದೇ ಅಂಗಡಿಯವರ ಷರತ್ತು. ಯಜಮಾನರು, ಮಿಸ್ತ್ರಿ ಇಬ್ಬರೂ ಪಿಸುಮಾತಿನಲ್ಲೇ ಬೈದಾಡುತ್ತ ಗೇರ್ ಬಾಕ್ಸ್ ಇಳಿಸಿದರು. ಅದರ ಮುಖಕ್ಕೂ ಒಂದು ರೊಟ್ಟಿ ಒತ್ತಿದ್ದಾಯಿತು, ಇದರದ್ದೂ ನೀರು ಹಚ್ಚಿದ ಮಗ್ಗುಲನ್ನೇ.

ಸೋಮವಾರ ಎರಡು ರೊಟ್ಟಿಗಳನ್ನೂ ದಾರವನ್ನೂ ಕಂಬಾರರ ಬಳಿ ಒಯ್ದೆವು. ಮಿಸ್ತ್ರಿ ನಮಾಜಿಗೆ ಹೋಗಿದ್ದರು, ಯಜಮಾನರು ಅಂಗಡಿಯವರ ಜೊತೆ ಚಹಾಕ್ಕೆ. ಕಂಬಾರರು ಪಟ್ಟಿಯ ಮುಂದೆ ಕುಳಿತು ಕೇಳಿದರು, "ಯವ್ವಾ, ಯಾವ ಮಗ್ಗಲ ಮ್ಯಾಲ ಮಾಡಿ ಇಡ್ಲಿ?"

"ರೊಟ್ಟಿ ಉಣ್ಣೋರು ಇದನ್ನ ಕೇಳ್ತೀರಿ?" ಎಂದೆ ನಾನು. "ನೀರು ಹಚ್ಚಿದ ಮಗ್ಗಲ ಯಾವಾಗಲೂ ಮ್ಯಾಲ."

ಹಾಗೆಯೇ ಮೊದಲು ಒಂದು ರೊಟ್ಟಿ, ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಇಟ್ಟು ಗುರುತು ಹಾಕಿದರು. ಮಂಗಳವಾರ ಸಂಜೆಗೆ ಎಂಟು ತೂತುಗಳ ಪಟ್ಟಿ ಸಿದ್ಧವಾಯಿತು. ಬುಧವಾರ ನಸುಕಿನಲ್ಲಿ ಪಟ್ಟಿ, ಗೇರ್ ಬಾಕ್ಸ್, ಹಸಿರು ಕಾರಿನ ಕ್ಲಚ್ ಪ್ಲೇಟು, ತೂತು ಹಿಗ್ಗಿಸಲು ಬೇಕಾದೀತು ಎಂದು ಕಂಬಾರರಿಂದ ಕಡ ತಂದ ಕೈ ಬೈರಿಗೆ ಎಲ್ಲವನ್ನೂ ಹೇರಿಕೊಂಡು ಕಲ್ಯಾಣಿಗೆ ಹೊರಟೆವು.

ಊಟದ ಹೊತ್ತು ಮೀರಿ ಮನೆ ಸೇರಿದೆವು. ಪಟ್ಟಿ ಇಂಜಿನ್ನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಗೇರ್ ಬಾಕ್ಸ್ ಕೂಡಲಿಲ್ಲ. ಒಂದು ತೂತು ಕೂಡಿದರೆ ಮೂರು ತಪ್ಪುತ್ತಿದ್ದವು. ಪಟ್ಟಿಯನ್ನು ತಿರುವಿ ಹಾಕಿದರೆ ಗೇರ್ ಬಾಕ್ಸ್ ಕೂಡುತ್ತಿತ್ತು, ಇಂಜಿನ್ ತಪ್ಪುತ್ತಿತ್ತು. ಮಿಸ್ತ್ರಿ ಮೈಯೆಲ್ಲ ಎಣ್ಣೆಯಾಗಿ ಹೊರಗೆ ಬಂದು, "ವೈನಿ, ಆ ರೊಟ್ಟಿ ತರ್ರಿ," ಎಂದರು. ಎರಡನ್ನೂ ತಿರುಗಿಸಿ ನೋಡಿ, "ಪಟ್ಟಿ ಮ್ಯಾಲ ಹ್ಯಾಂಗ ಇಟ್ಟಿದ್ರು ಇವನ್ನ?"

"ನೀರು ಹಚ್ಚಿದ ಮಗ್ಗಲ ಮ್ಯಾಲ."

"ಎರಡೂ?"

"ಎರಡೂ ರೊಟ್ಟೀನೇ ಅಲ್ರಿ ಭಾಯಿ."

ಮಿಸ್ತ್ರಿ ನಗಲಿಲ್ಲ. ಎರಡು ರೊಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹಿಡಿದು ತೋರಿಸಿದರು. "ಪಟ್ಟಿದು ಒಂದು ಮಾರಿ ಇಂಜಿನ್ ನೋಡ್ತದ, ಒಂದು ಮಾರಿ ಗೇರ್ ಬಾಕ್ಸ್ ನೋಡ್ತದ. ಒಂದರದು ನೀರಿನ ಮಗ್ಗಲ ಮ್ಯಾಲ ಇರಬೇಕಿತ್ತು, ಇನ್ನೊಂದರದು ಕೆಳಗ. ನೀವು ಇಬ್ಬರನ್ನೂ ಒಂದೇ ಕಡಿ ಮಾರಿ ಮಾಡಿ ಕೂಡ್ಸೀರಿ."

ತಪ್ಪು ನನ್ನದೇ. ಕೂಡಿದ ಒಂದನ್ನು ಬಿಟ್ಟು ಮೂರು ತೂತು ಹೊಸದಾಗಿ ಕೊರೆಯಬೇಕಿತ್ತು. ಕೊನೆಗೆ ಉಳಿದದ್ದು ಒಂದು ಸಂಜೆ, ಒಂದು ಬೆಳಿಗ್ಗೆ. ಯಜಮಾನರು ಅಂಗಿ ಕಳಚಿ ಬೈರಿಗೆ ಹಿಡಿದರು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಕೈ ಸೋತಾಗ ಮಿಸ್ತ್ರಿ, ಅವರು ಸೋತಾಗ ಮತ್ತೆ ಇವರು. ನಾನು ಪಟ್ಟಿ ಅಲ್ಲಾಡದಂತೆ ಕಾಲಿನಲ್ಲಿ ಒತ್ತಿ ಹಿಡಿದು, ತೂತಿಗೆ ಎಣ್ಣೆ ಹನಿಸುತ್ತ ಕುಳಿತೆ. ಎರಡು ತೂತು ಕತ್ತಲಾಗುವ ಮೊದಲು ಮುಗಿದವು, ಮೂರನೆಯದು ಗುರುವಾರ ಬೆಳಿಗ್ಗೆ.

"ಜರಡಿ ಆತು ಇದು," ಎಂದರು ಮಿಸ್ತ್ರಿ, ಪಟ್ಟಿಯನ್ನು ಬಿಸಿಲಿಗೆ ಹಿಡಿದು. "ಹಿಟ್ಟು ಸಾಣಿಸಾಕ ಬರ್ತದ, ವೈನಿ."

ಗೇರ್ ಬಾಕ್ಸ್ ಕೂತಿತು. ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟು ಒಂದು ಬೆರಳು ಹೆಚ್ಚಾಯಿತು. ನಮ್ಮೂರ ಕಂಬಾರರು ಅದನ್ನು ಕತ್ತರಿಸಿ ಕೂಡಿಸಿದರು. ಕಚೇರಿ ಮುಚ್ಚಲು ಒಂದು ತಾಸು ಇರುವಾಗ ಯಜಮಾನರು ಗಾಡಿ ತೆಗೆದರು. ನಾನು, ಮಿಸ್ತ್ರಿ ಹಿಂದೆ ಕುಳಿತೆವು. ಮನೆ ಬಾಗಿಲಿನಿಂದ ಕಚೇರಿಯವರೆಗೆ ಇಳಿಜಾರು, ಇಂಜಿನ್ ಹಚ್ಚದೆಯೇ ಗಾಡಿ ತಾನೇ ಉರುಳಿ ಹೋಗಿ ನಿಂತಿತು.

ಪರವಾನಿಗಿ ಬರೆಯುವ ಮುನ್ಶಿ ಹೊರಗೆ ಬಂದರು, ಕನ್ನಡಕ ಏರಿಸಿದರು. "ಉರುಳಿದ್ದು ಕಂಡೆ. ಈಗ ಓಡ್ಸಿ ತೋರಸ್ರಿ."

ಯಜಮಾನರು ಇಂಜಿನ್ ಹಚ್ಚಿದರು. ಇಷ್ಟು ವರ್ಷ ಮೊದಲನೆಯ ಗೇರಿಗೆ ಎಲ್ಲಿ ಕೈ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು. ಹಸಿರು ಕಾರಿನ ಗೇರ್ ಬಾಕ್ಸಿನಲ್ಲಿ ಆ ಜಾಗ ಹಿಂದಕ್ಕೆ ಹೋಗುವ ಗೇರಿನದು. ಮುನ್ಶಿ ನೋಡುತ್ತಿದ್ದಂತೆ ನಾವು ಮೂವರೂ ಗಂಭೀರವಾಗಿ, ಏರಿನ ಮೇಲೆ, ಹಿಂದಕ್ಕೆ ಹೊರಟೆವು. ಬೇವಿನ ಮರದ ತನಕ ಹೋಗಿ ನಿಂತೆವು. ಮಿಸ್ತ್ರಿ ಹಣೆ ಒತ್ತಿಕೊಂಡರು. ಯಜಮಾನರು ಗೇರಿನ ಕೋಲನ್ನು ಅತ್ತಿತ್ತ ಹುಡುಕಿ, ಈ ಸಲ ಮುಂದಕ್ಕೆ ಬಂದು ಮೆಟ್ಟಿಲ ಬಳಿ ನಿಲ್ಲಿಸಿದರು.

"ಹಿಂದಕ್ಕ ಯಾಕ ಹೋದ್ರಿ?" ಎಂದರು ಮುನ್ಶಿ.

"ನಿಮಗ ದಾರಿ ಬಿಟ್ಟೆ, ಸಾಹೇಬ್ರ."

ಮುನ್ಶಿ ಒಳಗಿನಿಂದ ಪರವಾನಿಗಿಯ ಕಾಗದ ತರಿಸಿ, ಗಾಡಿಯ ಮೇಲೇ ಇಟ್ಟು ಬರೆದರು. ಬರೆಯುತ್ತ ಗಟ್ಟಿಯಾಗಿ ಓದಿದರು, "ಗಾಡಿ ಚಾಲೂ ಅದ." ಮತ್ತೆ ಲೇಖನಿ ಅದ್ದಿ, "ಎರಡೂ ಕಡಿ," ಎಂದು ಸೇರಿಸಿ ಕಚೇರಿಯ ಸಿಕ್ಕಾ ಒತ್ತಿದರು.