ಕಾಲ್ಬೆರಳಿಗಿಷ್ಟು ಜಾಗ

ಹಾಸಿಗೆ ಹಾಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಬೆಳಗಿನ ಪಾಳಿಯಿದ್ದಾಗ ಭದ್ರಾವತಿಯಿಂದ ಆರು ಗಂಟೆಯ ಬಸ್ಸು ಹಿಡಿದು ಬರುತ್ತೇನೆ. ಡಾಕ್ಟರು ರೌಂಡ್ಸಿಗೆ ಬರುವುದರೊಳಗೆ ನನ್ನ ಪಾಲಿನ ಎಂಟು ಮಂಚಗಳು ಸಜ್ಜಾಗಿರಬೇಕು. ಚಾದರವನ್ನು ಎಳೆದು, ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿ, ಹಾಸಿಗೆಯಡಿಗೆ ಒತ್ತಿ ಸೇರಿಸಿದೆನೆಂದರೆ ಹುಡುಕಿದರೂ ಒಂದು ಸುಕ್ಕು ಸಿಗುತ್ತಿರಲಿಲ್ಲ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅವರೇ ಒಮ್ಮೆ ಹೊಸ ಹುಡುಗಿಯರನ್ನು ನನ್ನ ಮಂಚವೊಂದರ ಮುಂದೆ ನಿಲ್ಲಿಸಿ, “ನೋಡ್ರೇ, ಹಾಸಿಗೆ ಅಂದ್ರೆ ಹಿಂಗಿರ್ಬೇಕು” ಅಂದಿದ್ದರು. ಆ ಮೇಲೆ ಸ್ವಲ್ಪ ದಿನ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಆ ದಿನಗಳಲ್ಲೇ ಕಿಟಕಿ ಪಕ್ಕದ ಮಂಚಕ್ಕೆ ಒಬ್ಬ ಅಜ್ಜಿ ಬಂದರು. ನಮ್ಮೂರಿನವರೇ, ಭದ್ರಾವತಿಯ ಒಬ್ಬ ಲಾರಿ ಮೆಕ್ಯಾನಿಕ್‌ನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದು ಎಡ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅದಕ್ಕಿಂತ ದೊಡ್ಡ ಚಿಂತೆ ಸಕ್ಕರೆ ಕಾಯಿಲೆಯದು. ಹಿಂದೊಮ್ಮೆ ಸಣ್ಣ ಗಾಯವೊಂದು ಮಾಯದೆ ಬಲಗಾಲಿನ ಎರಡು ಬೆರಳುಗಳನ್ನೇ ತೆಗೆದಿದ್ದರಂತೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಎಡಗಾಲಿನ ಮೇಲೆ ಕಣ್ಣಿರ್ಲಿ. ಮಲಗಿ ಮಲಗಿ ಹಿಮ್ಮಡೀಲಿ ಹುಣ್ಣಾಯ್ತು ಅಂದ್ರೆ ಆ ಕಾಲು ಉಳಿಸೋದು ಕಷ್ಟ” ಅಂದರು. ಇಂಥ ರೋಗಿಗಳಿಗೆ ಹಿಮ್ಮಡಿಯಲ್ಲಿ ನೋವೇ ತಿಳಿಯುವುದಿಲ್ಲ. ಅವರ ಪರವಾಗಿ ನಾವೇ ನೋಡಿ ತಿಳಿದುಕೊಳ್ಳಬೇಕು.

ಅಜ್ಜಿಯ ಜೊತೆಗೆ ಇದ್ದವಳು ಸೊಸೆ, ಕುಂಸಿ ಕಡೆಯ ಹೆಣ್ಣುಮಗಳು. ಮಾತು ಕಮ್ಮಿ, ಕೆಲಸ ಚುರುಕು. ಬಂದ ದಿನವೇ ಮನೆಯಿಂದ ಒಂದು ಕೌದಿ ತಂದು ಅತ್ತೆಯ ಕೆಳಗೆ ಹಾಸಿದ್ದಳು. ಹಳೆಯ ಸೀರೆ, ಲುಂಗಿಗಳನ್ನು ಪದರ ಪದರವಾಗಿ ಸೇರಿಸಿ ಅಜ್ಜಿಯೇ ಹೊಲಿದದ್ದಂತೆ. ನನಗೆ ಅದು ಕಂಡರಾಗುತ್ತಿರಲಿಲ್ಲ. ಕೇಳಿದವರಿಗೆ ಏನೇನೋ ಕಾರಣ ಹೇಳುತ್ತಿದ್ದೆ. ನನ್ನ ಹಾಸಿಗೆಯ ಅಂದ ಕೆಡುತ್ತದೆ ಎಂಬುದೇ ನಿಜವಾದ ಕಾರಣ.

ಮೂರನೆಯ ಬೆಳಿಗ್ಗೆ ಹೊದಿಕೆ ಸರಿಸಿದರೆ ಎಡ ಹಿಮ್ಮಡಿಯಲ್ಲಿ ಎಲಚಿಹಣ್ಣಿನಷ್ಟು ಅಗಲಕ್ಕೆ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟೆ. ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಹಾಗಾದರೆ ಅಲ್ಲಿ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬೆಳ್ಳಗಾಗದಿದ್ದರೆ ಒಳಗೆ ಪೆಟ್ಟು ಬಿದ್ದಾಗಿದೆ, ಹುಣ್ಣು ದೂರವಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೊಸೆಯ ಮೇಲೆ ಹರಿಹಾಯ್ದೆ.

“ಏನು ಮಾರಾಯ್ತಿ, ಕಣ್ಣು ಕಾಣಲ್ವಾ ನಿಂಗೆ? ಈ ಗಂಟುಗಂಟು ಕೌದಿ ಮೇಲೆ ಸಕ್ಕರೆ ಕಾಯಿಲೆಯವರನ್ನ ಮಲಗಿಸ್ತಾರಾ? ನಿಮ್ಮತ್ತೆ ಕಾಲು ಬೇಕೋ ಬೇಡ್ವೋ?”

ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವಳು ಕೌದಿ ತೆಗೆಯಲು ಬಂದಳು. ರೋಗಿಯನ್ನು ಕೆಳಗಿಳಿಸದೆಯೇ ಹಾಸಿಗೆ ಬದಲಿಸಬೇಕಲ್ಲ. ಕಾಲುಗಳ ನಡುವೆ ದಿಂಬಿಟ್ಟು, ಇಬ್ಬರೂ ಹಿಡಿದು ಅಜ್ಜಿಯನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದೆವು. ಕೌದಿಯನ್ನು ಬೆನ್ನಿನ ತನಕ ಸುರುಳಿ ಸುತ್ತಿ ಆಚೆಯಿಂದ ಎಳೆದುಕೊಂಡೆವು. ಆಮೇಲೆ ನಾನು ಹಾಸಿದ ಹಾಸಿಗೆ ಇದೆಯಲ್ಲ, ಅಷ್ಟು ಬಿಗಿಯಾಗಿ ಹಿಂದೆಂದೂ ಹಾಸಿರಲಿಲ್ಲ. ಮೇಲಿನ ಹೊದಿಕೆಯನ್ನೂ ಎಳೆದು ಕಾಲ ಕಡೆ ಗಟ್ಟಿಯಾಗಿ ಸಿಗಿಸಿದೆ.

ಮರುದಿನ ಕೆಂಪು ಇನ್ನೂ ಗಾಢವಾಗಿತ್ತು. ಒತ್ತಿದೆ, ಬೆಳ್ಳಗಾಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ. ಕೌದಿ ಮನೆಗೆ ಹೋಗಿಯಾಗಿತ್ತು, ಇನ್ನು ತಪ್ಪನ್ನು ಯಾರ ಮೇಲೆ ಹಾಕಲಿ?

“ಅಜ್ಜಿ, ಕಾಲು ಸ್ವಲ್ಪನೂ ಅಲ್ಲಾಡಿಸ್ತಿಲ್ವಾ ನೀವು?”

“ಎಲ್ಲಿಂದ ಅಲ್ಲಾಡಿಸಲಿ ಬೇಟಿ? ಚಾದರ ಬೆರಳ ಮೇಲೆ ಬಿಗಿಯಾಗಿ ಕೂತೈತೆ. ಎಳೆದ್ರೆ ನೀನು ಹಾಸಿದ್ದು ಕೆಡ್ತೈತೆ, ಆ ದೊಡ್ಡ ಸಿಸ್ಟರ್ ನಿನ್ನ ಬೈತಾರೆ. ನಮ್ಮೂರ ಹುಡುಗಿ ಯಾಕೆ ಬೈಸ್ಕೋಬೇಕು ಅಂತ ಸುಮ್ನೆ ಮಲಗಿದ್ದೆ.”

ಮೊದಲ ವರ್ಷದಲ್ಲೇ ಕಲಿಸುವ ಪಾಠ ಅದು. ಕಾಲ ಕಡೆ ಹೊದಿಕೆಯಲ್ಲಿ ಅಂಗೈ ಅಗಲದ ಒಂದು ಮಡಿಕೆ ಬಿಡಬೇಕು, ಬೆರಳುಗಳು ಎದ್ದು ನಿಲ್ಲಲು ಜಾಗವಿರಬೇಕು. ಇಲ್ಲದಿದ್ದರೆ ಹೊದಿಕೆ ಪಾದವನ್ನು ಕೆಳಗೆ ಅದುಮಿ, ಹಿಮ್ಮಡಿ ಇಡೀ ದಿನ ಹಾಸಿಗೆಗೆ ಒತ್ತಿಕೊಂಡೇ ಇರುತ್ತದೆ. ಆ ಮಡಿಕೆ ಇಟ್ಟರೆ ಹಾಸಿಗೆ ಉಬ್ಬಿದಂತೆ ಕಾಣುತ್ತದೆಂದು ನಾನು ಆ ಅಭ್ಯಾಸವನ್ನೇ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಈ ಹೆಂಗಸು ನನ್ನ ಮರ್ಯಾದೆ ಉಳಿಸಲು ತಮ್ಮ ಕಾಲನ್ನೇ ಪಣಕ್ಕಿಟ್ಟು ಅಲುಗದೆ ಮಲಗಿದ್ದರು. ನಾಚಿಕೆಯಿಂದ ನಾನು ಕುಗ್ಗಿಹೋದೆ.

ಹೊದಿಕೆ ಕಿತ್ತು ಸಡಿಲ ಮಾಡಿ, ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಎಲ್ಲಿಗೂ ತಾಗದಂತೆ ಮಾಡಿದೆ. ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. “ಚರ್ಮ ಇನ್ನೂ ಒಡೆದಿಲ್ಲ. ಎರಡು ಮೂರು ದಿನ ನೋಡೋಣ” ಅಂದರಷ್ಟೆ. ಆಮೇಲೆ ಸೊಸೆಯ ಹತ್ತಿರ ಹೋಗಿ, “ತಪ್ಪು ನಂದೇ ಕಣಮ್ಮ, ಕೌದಿದಲ್ಲ” ಎಂದು ಮೆಲ್ಲಗೆ ಹೇಳಿದೆ.

ಅವಳು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

“ನಿನ್ನೆ ಬೈದಿದ್ದು ವಾರ್ಡಿಗೆಲ್ಲ ಕೇಳಿಸ್ತು ಸಿಸ್ಟರ್. ಇದೂ ಹಂಗೇ ಕೇಳಿಸ್ಲಿ.”

ವಾರ್ಡಿನ ನಡುವೆ ನಿಂತು ಜೋರಾಗಿ ಹೇಳಿದೆ: ನಿನ್ನೆ ಇವಳನ್ನು ಬೈದದ್ದು ತಪ್ಪು, ಅಜ್ಜಿಯ ಕಾಲಿಗೆ ಹೀಗಾಗಿರುವುದು ನನ್ನ ಕೈಯಿಂದ. ಬಾಗಿಲಲ್ಲಿ ಇನ್‌ಚಾರ್ಜ್ ಸಿಸ್ಟರ್ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೇಳಿ ಮುಗಿಸಿದಾಗ ವಿಚಿತ್ರವೆಂದರೆ ಎದೆ ಹಗುರವಾಗಿತ್ತು. ಮರುದಿನ ಮೆಕ್ಯಾನಿಕ್ ಮಗ ಕೌದಿಯನ್ನು ವಾಪಸ್ ತಂದ. ಅದನ್ನು ನಾನೇ ಮಡಿಸಿ ಸೊಸೆ ಮಲಗುವ ಬೆಂಚಿನ ಮೇಲೆ ಹಾಸಿದೆ.

ಆದರೆ ಕಾಲಿನ ಭಯ ಹಗುರವಾಗಲಿಲ್ಲ. ಬಸ್ಸಿನಲ್ಲಿ ಕೂತರೂ ಕಣ್ಣ ಮುಂದೆ ಆ ಹಿಮ್ಮಡಿಯೇ. ಮೊದಲ ದಿನ ಹಾಗೇ ಇತ್ತು. ಎರಡನೆಯ ದಿನ ನನಗೆ ರಜೆ. ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಬಂದು, ಚೂಡಿದಾರದಲ್ಲೇ ವಾರ್ಡಿಗೆ ನುಗ್ಗಿ ಒತ್ತಿ ನೋಡಿದೆ. ಅಂದೂ ಬೆಳ್ಳಗಾಗಲಿಲ್ಲ.

ಮೂರನೆಯ ಬೆಳಿಗ್ಗೆ ಹೆಬ್ಬೆರಳಿಟ್ಟು ಒತ್ತಿದೆ, ಬಿಟ್ಟೆ. ಒಂದು ಕ್ಷಣ, ಒಂದೇ ಕ್ಷಣ, ಆ ಜಾಗ ಬೆಳ್ಳಗಾಯಿತು. ಆಮೇಲೆ ನಿಧಾನವಾಗಿ ಕೆಂಪು ತುಂಬಿಕೊಂಡಿತು. ನನ್ನ ಕಣ್ಣನ್ನು ನಾನೇ ನಂಬದೆ ಸೊಸೆಯನ್ನು ಕರೆದು ತೋರಿಸಿದೆ. ಅವಳಿಗೆ ಏನು ನೋಡಬೇಕೆಂದು ಗೊತ್ತಿರಲಿಲ್ಲ, ಆದರೂ ನನ್ನ ಕೈ ಹಿಡಿದುಕೊಂಡಳು. ಹೋದ ಜೀವ ಬಂದಂತಾಗಿ ನಾನು ಅಲ್ಲೇ ಮಂಚದ ಕಾಲಬಳಿ ಕೂತು ಅತ್ತುಬಿಟ್ಟೆ.

ಅಜ್ಜಿ ದಿಂಬಿನಿಂದ ತಲೆಯೆತ್ತಿ ಕೇಳಿದರು, “ಯಾಕೆ ಬೇಟಿ ಅಳ್ತೀಯಾ? ಈ ಕಾಲು ಹೋಯ್ತಾ?”

ಆಗ ನನಗೆ ತಿಳಿಯಿತು. ಈ ನಾಲ್ಕು ದಿನವೂ ಅವರಿಗೆ ಎಲ್ಲ ಗೊತ್ತಿತ್ತು, ಒಬ್ಬರೇ ಹೆದರಿಕೊಂಡು ಮಲಗಿದ್ದರು.

“ಇಲ್ಲ ಅಜ್ಜಿ, ಉಳೀತು.”

ಅವರು “ಹಂಗಾದ್ರೆ ಇವತ್ತು ನಿಂಗೆ ದೊಡ್ಡ ಸಿಸ್ಟರ್ ಹತ್ರ ಬೈಗುಳ ಗ್ಯಾರಂಟಿ” ಎಂದು, ಎಡಗಾಲಿನ ಐದೂ ಬೆರಳುಗಳಿಂದ ಚಾದರವನ್ನು ಒದ್ದು ಮುದ್ದೆ ಮಾಡಿದರು.