ಕ್ಲಚ್ಚಿಗೆ ಕೊಬ್ಬರಿ ಎಣ್ಣೆ

ನಾವು ಮೈಸೂರು ಬಿಟ್ಟಾಗ ಬೆಳಗಿನ ಆರೂವರೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜನವರಿ ತಿಂಗಳ ಚಳಿ, ಸ್ಟೀರಿಂಗ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಮುಂದಿನ ಸೀಟಿನಲ್ಲಿ ಅಮ್ಮ, ಅವಳ ಕಾಲ ಬಳಿ ನೀರಿನ ಕೂಜಾ, ಮಡಿಲಲ್ಲಿ ಕೈಚೀಲ. ಚೀಲದಲ್ಲಿ ಬಾಚಣಿಗೆ, ವಿಭೂತಿ ಗಟ್ಟಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಅಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನಾನು ಮೂರನೆಯ ಕೈಯಿಂದ ಈ ಹಳೆಯ ಕಾರು ಕೊಂಡದ್ದೇ ಅವಳಿಗಾಗಿ. ಹಾಗೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ನನಗೂ ಆಸೆಯಿತ್ತು ಎಂಬುದು ಬೇರೆ ಮಾತು.

ಹೊರಟದ್ದು ಚಿಕ್ಕನಾಯಕನಹಳ್ಳಿಗೆ. ಅಲ್ಲಿಂದ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ ಇದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಬಂದವರು ಬರೀ ನೆರಳಾಗಿ ಕಾಣುತ್ತಿದ್ದರು. ಹಿಂದೊಮ್ಮೆ ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋದಾಗ, ಬಾಗಿಲವರೆಗೆ ಬಂದು ಹೆದರಿ ವಾಪಸ್ಸು ನಡೆದುಬಿಟ್ಟಿದ್ದಳು. ಈಗ ಮತ್ತೆ ಚಿಕ್ಕನಾಯಕನಹಳ್ಳಿಯ ಶಾಲೆಗೆ ಕ್ಯಾಂಪು ಬಂದಿತ್ತು. ಅವಳ ಮಗ ಶಂಕ್ರಣ್ಣ ಕಾಗದ ಬರೆದಿದ್ದ: 'ಆಪರೇಷನ್ನಿಗೆ ಚೀಟಿ ಕೊಡುವುದು ಒಂದೇ ದಿನ, ಬೆಳಿಗ್ಗೆ ಹನ್ನೊಂದರವರೆಗೆ ಮಾತ್ರ. ತಂಗಿ ಬಂದು ಕೈ ಹಿಡಿದುಕೊಂಡರೆ ಒಳಕ್ಕೆ ಹೋಗುತ್ತೀನಿ, ಇಲ್ಲದಿದ್ದರೆ ಇಲ್ಲ ಅಂತ ಹಟ ಹಿಡಿದಿದ್ದಾಳೆ. ಹೇಗಾದರೂ ಚಿಕ್ಕಮ್ಮನನ್ನು ಕರೆದುಕೊಂಡು ಬಾ.' ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ಐದು ವರ್ಷವಾಗಿತ್ತು. ಕ್ಯಾಂಪು ಮಾರನೆಯ ದಿನ. ದಾರಿಯಲ್ಲಿ ಏನಾದರೂ ಆದರೂ ಇರಲಿ ಎಂದು ನಾನು ಒಂದು ಇಡೀ ದಿನ ಮುಂಚೆ ಹೊರಟಿದ್ದೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟರು. ಕಾರಿನ ಜೊತೆ ಬಂದ ಕೈಪಿಡಿಯನ್ನು ಎರಡು ಸಲ ಪೂರ್ತಿ ಓದಿದ್ದೆ. ಹಾಗಾಗಿ ಕಾರಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವಿತ್ತು.

ನಾಗಮಂಗಲದಲ್ಲಿ ಇಡ್ಲಿ ತಿಂದೆವು. ಅಲ್ಲಿಂದ ಮುಂದೆ ರಸ್ತೆ ಕಿರಿದಾಯಿತು, ರಾಗಿ ಹೊಲಗಳ ನಡುವೆ ತೆಂಗಿನ ತೋಟಗಳು ಹೆಚ್ಚಾದವು. ಮಾಯಸಂದ್ರ ದಾಟುತ್ತಿದ್ದಂತೆ ಅಮ್ಮನ ಮಾತೇ ಬದಲಾಯಿತು. ಮೈಸೂರಿನಲ್ಲಿ 'ಇದೆ' ಎನ್ನುತ್ತಿದ್ದವಳು 'ಐತೆ' ಅನ್ನತೊಡಗಿದಳು. "ನೋಡ್ಲಾ, ಆ ತೋಟ ಹೆಂಗೈತೆ! ಒಂದೊಂದು ಗೊನೆನೂ ಹೆಂಗೆ ಇಳೇ ಬಿದ್ದೈತೆ!" ಎಂದು ಕಿಟಕಿಗೆ ಮುಖ ಒತ್ತಿಕೊಂಡು ಕೂತಳು. ಅವಳ ಸಂತೋಷ ನೋಡಿ ನನಗೂ ಹಾಡು ಗುನುಗುವ ಹಾಗಾಯಿತು.

ತುರುವೇಕೆರೆ ಇನ್ನೂ ನಾಲ್ಕು ಮೈಲಿ ಇದೆ ಎನ್ನುವಾಗ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಮಲಗಿತು. ಗೇರ್ ಬೀಳಲಿಲ್ಲ. ಬಾನೆಟ್ ತೆಗೆದು ನೋಡಿದರೆ ಕ್ಲಚ್ಚಿನ ಎಣ್ಣೆ ತುಂಬುವ ಪುಟ್ಟ ಡಬ್ಬಿ ಖಾಲಿ. ಅಡಿಯ ಕೊಳವೆಯ ನಟ್ಟು ಸಡಿಲವಾಗಿ, ಇದ್ದ ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಕೈಪಿಡಿ ತೆಗೆದು ನೋಡಿದೆ. 'ಸಮೀಪದ ಅಧಿಕೃತ ಕಾರ್ಯಾಗಾರಕ್ಕೆ ಹೋಗಿ' ಎಂದು ಬರೆದಿತ್ತು. ಸಮೀಪದಲ್ಲಿ ಎರಡು ಹಸು ಮೇಯುತ್ತಿದ್ದವು.

ಹತ್ತು ನಿಮಿಷವೂ ಆಗಲಿಲ್ಲ, ಹಿಂದಿನಿಂದ ಬಂದ ಜೀಪೊಂದು ನಿಂತಿತು. ಇಳಿದವರು ರುದ್ರಪ್ಪನವರು, ತೋಟದ ಮಾಲೀಕರು, ಕೊಬ್ಬರಿ ವ್ಯಾಪಾರವೂ ಇದೆ ಎಂದು ಆಮೇಲೆ ಗೊತ್ತಾಯಿತು. ಆ ಕಾಲದಲ್ಲಿ ಕಾರಿದ್ದವರು ಕಡಿಮೆ, ಹಾಗಾಗಿ ಬಾನೆಟ್ ತೆರೆದು ನಿಂತವನನ್ನು ಬಿಟ್ಟು ಮುಂದೆ ಹೋಗುವವರೂ ಕಡಿಮೆ. ಅವರು ನನ್ನನ್ನು ಏನೂ ಕೇಳದೆ ಬಿಳಿ ಪಂಚೆ ಎತ್ತಿ ಕಟ್ಟಿ ಕಾರಿನಡಿ ತೂರಿದರು. "ನಟ್ಟು ಸಡ್ಲಾಗೈತೆ ಅಷ್ಟೇ ಕಣ್ರೀ. ಬಿಗಿ ಮಾಡಿದ್ರೆ ಆಯ್ತು. ಎಣ್ಣೆದೇ ಯೋಚ್ನೆ," ಎಂದರು ಅಲ್ಲಿಂದಲೇ.

"ಎಂಜಿನ್ ಆಯಿಲ್ ಒಂದು ಡಬ್ಬ ಇದೆ," ಎಂದೆ.

ಅವರು ತಲೆ ಹೊರಗೆ ಹಾಕಿದರು. "ಅಯ್ಯೋ, ಬ್ಯಾಡ್ರೀ! ರಬ್ಬರ್ ಊದ್ಕೊಂಡು ಬುಡ್ತದೆ. ಇದಕ್ಕೆ ಗಿಡದ ಎಣ್ಣೆನೇ ಆಗ್ಬೇಕು. ಹಿಂದೆ ಹರಳೆಣ್ಣೆ ಹಾಕೋರು. ಹರಳೆಣ್ಣೆ ನಮ್ಮ ಮನೇಲಿಲ್ಲ, ಕೊಬ್ಬರಿ ಎಣ್ಣೆ ಡಬ್ಬಗಟ್ಲೆ ಐತೆ. ನಮ್ಮ ಜೀಪಿಗೆ ನಾನು ಅದ್ನೇ ಹಾಕ್ಕೊಂಡು ಯುಗಾದಿಯಿಂದ ಮಳೆ ಹಿಡಿಯೋವರ್ಗೂ ಓಡ್ಸಿದೀನಿ. ಒಂದು ದಿನ ಕೈ ಕೊಟ್ಟಿಲ್ಲ."

ಜೀಪಿಗೆ ಹಗ್ಗ ಕಟ್ಟಿ ನಮ್ಮನ್ನು ಅವರ ತೋಟದ ಮನೆಗೆ ಎಳೆದುಕೊಂಡು ಹೋದರು. ಆ ಹಗ್ಗವೂ ಅವರ ತೋಟದ ನಾರಿನದೇ. ಅವರ ಹೆಂಡತಿ ಅಮ್ಮನನ್ನು ಕೈ ಹಿಡಿದು ಇಳಿಸಿಕೊಂಡು, ಜಗಲಿಯ ಮೇಲೆ ದಿಂಬು ಕೊಟ್ಟು ಕೂರಿಸಿ, ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ರುದ್ರಪ್ಪನವರು ಮಾತ್ರ ಊಟ ಮುಂದಕ್ಕೆ ಹಾಕಿ ಕೆಲಸಕ್ಕೆ ನಿಂತರು. ಎಣ್ಣೆಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ ಡಬ್ಬಿಗೆ ಹೊಯ್ದರು. ನಾನು ಪೆಡಲ್ ತುಳಿಯುವುದು, ಅವರು ಕೆಳಗೆ ಸ್ಕ್ರೂ ತಿರುಗಿಸಿ ಕೊಳವೆಯ ಗಾಳಿ ಬಿಡುವುದು. ಹೀಗೆ ಎಷ್ಟು ಸಲ ಮಾಡಿದೆವೋ, ನನ್ನ ಕಾಲು ಸೋತಿತು, ಅವರ ಕೈ ಸೋಲಲಿಲ್ಲ. ಸಾಯಂಕಾಲ ನಾಲ್ಕೂವರೆಗೆ ಗೇರ್ ಬೆಣ್ಣೆಯ ಹಾಗೆ ಬಿತ್ತು. ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

"ಏನಾದ್ರೂ ಕೊಡ್ತೀನಿ ಅಂದ್ರೆ ಹಾಕಿದ ಎಣ್ಣೆ ವಾಪಸ್ ತಗೀತೀನಿ," ಎಂದು ನಕ್ಕರು. "ಚಿಕ್ಕನಾಯಕನಹಳ್ಳಿಗೆ ನೆಟ್ಟಗೆ ಹೋಗ್ಬ್ಯಾಡಿ ಮೇಷ್ಟ್ರೇ. ತಿಪಟೂರು ಮೇಲೆ ಹೋಗಿ. ಅಲ್ಲಿ ಅಂಗಡೀಲಿ ಸರಿಯಾದ ಎಣ್ಣೆ ಸಿಕ್ತದೆ, ಹಾಕಿಸ್ಕಂಡು ಹೋಗಿ."

ತಿಪಟೂರು ಸೇರುವ ಹೊತ್ತಿಗೆ ದೀಪ ಹತ್ತಿದ್ದವು. ಬಿಡಿಭಾಗದ ಅಂಗಡಿ ಬಾಗಿಲು ಹಾಕಿತ್ತು. ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ ಎಂದರು. ಗೇರ್ ಸರಾಗವಾಗಿದೆ, ಎಣ್ಣೆ ಆಮೇಲೆ ಬದಲಾಯಿಸಿದರಾಯಿತು, ಬೆಳಿಗ್ಗೆ ಏಳಕ್ಕೆ ಹೊರಟರೆ ಎಂಟೂವರೆಗೆಲ್ಲ ಅಲ್ಲಿರುತ್ತೇವೆ ಎಂದು ಲೆಕ್ಕ ಹಾಕಿದೆ. ಕತ್ತಲಲ್ಲಿ ಆ ರಸ್ತೆಗೆ ಇಳಿಯುವ ಧೈರ್ಯವಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೆಳಗಿನ ಕೋಣೆ ಸಿಕ್ಕಿತು, ಬಾಡಿಗೆ ಹನ್ನೆರಡು ರೂಪಾಯಿ, ಎರಡು ಕಂಬಳಿ ಸೇರಿ. ಕಾರನ್ನು ಪಕ್ಕದ ಹುಣಸೆ ಮರದ ಕೆಳಗೆ ನಿಲ್ಲಿಸಿದೆ.

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಇಳಿಯುತ್ತಿತ್ತು. ಅಮ್ಮನನ್ನು ಕೂರಿಸಿ ಕ್ಲಚ್ ತುಳಿದೆ. ಪೆಡಲ್ ಅಲುಗಲಿಲ್ಲ. ನಿನ್ನೆ ನೆಲಕ್ಕೆ ಮಲಗಿದ್ದು, ಈವತ್ತು ಕಲ್ಲಿನಂತೆ ನಿಂತಿತ್ತು. ಎರಡೂ ಕಾಲು ಕೊಟ್ಟು, ಸೀಟಿಗೆ ಬೆನ್ನು ಒತ್ತಿ ತುಳಿದೆ. ಸೀಟು ಕಿರುಗುಟ್ಟಿತು, ಅಷ್ಟೇ. ಅಮ್ಮ ಬಸ್ಸು ಹತ್ತುವ ಹಾಗಿಲ್ಲ. ಊರಿನ ಎರಡು ಟ್ಯಾಕ್ಸಿಗಳೂ ಬೆಳಗಿನ ರೈಲಿಗೆ ಬಂದವರನ್ನು ಹತ್ತಿಸಿಕೊಂಡು ಹೋಗಿಬಿಟ್ಟಿದ್ದವು. ಹನ್ನೊಂದು ಗಂಟೆ ನನ್ನ ಎದೆಯ ಮೇಲೆ ಕೂತ ಹಾಗಾಯಿತು.

ಬಾನೆಟ್ ತೆರೆದದ್ದೇ ತಡ, ಜನ ಸೇರಿದರು. ದೊಡ್ಡಮ್ಮನ ಕಣ್ಣು, ಕ್ಯಾಂಪು, ಹನ್ನೊಂದು ಗಂಟೆ ಎಲ್ಲವನ್ನೂ ಅವರಿಗೆ ಹೇಳಿದೆ. ಕಾಫಿಗೆ ಬಂದಿದ್ದ ವಕೀಲರೊಬ್ಬರು, ಅವರಿಗೂ ಕಾರಿತ್ತು, "ಪೆಡಲ್ ಸ್ಪ್ರಿಂಗ್ ತುಕ್ಕು ಹಿಡಿದಿದೆ. ಸೀಮೆಎಣ್ಣೆ ಬಿಡಿ," ಎಂದರು. ಬಿಟ್ಟೆವು. ಏನೂ ಆಗಲಿಲ್ಲ. ಲಾರಿ ಡ್ರೈವರೊಬ್ಬ, "ಕ್ಲಚ್ ಪ್ಲೇಟ್ ಅಂಟ್ಕೊಂಡೈತೆ. ಗೇರಿಗೆ ಹಾಕಿ ಹಿಂದಕ್ಕೆ ಮುಂದಕ್ಕೆ ಜಗ್ಗಿ," ಎಂದ. ಆರು ಜನ ಸೇರಿ ಜಗ್ಗಿದೆವು. ಒಳಗೆ ಕೂತ ಅಮ್ಮ ತೊಟ್ಟಿಲು ತೂಗಿದ ಹಾಗೆ ತೂಗಿದಳು. ಚಿಕ್ಕನಾಯಕನಹಳ್ಳಿ ಬಸ್ಸಿನ ಡ್ರೈವರ್ ಖಾದರ್ ಸಾಹೇಬರು ಬಂದು, ಒಮ್ಮೆ ಪೆಡಲ್ ಒತ್ತಿ ನೋಡಿ, "ಪ್ಲೇಟ್ ಅಲ್ಲ ಸಾರ್, ಎಣ್ಣೆ ದಾರಿನೇ ಬಂದ್ ಆಗೈತೆ," ಎಂದರು. ದಾರಿ ಯಾಕೆ ಬಂದಾಯಿತೆಂದು ಅವರಿಗೂ ಹೊಳೆಯಲಿಲ್ಲ. ಎಂಟು ಗಂಟೆ ದಾಟಿತು. ನಾನು ಸಿಟ್ಟಿನಲ್ಲಿ ಕೈಪಿಡಿಯನ್ನು ಹಿಂದಿನ ಸೀಟಿಗೆ ಎಸೆದೆ.

ಅಮ್ಮ ಅಷ್ಟು ಹೊತ್ತಿನಿಂದ ಕಾರಿನ ಕಿಟಕಿಯ ಅಂಚಿನಲ್ಲಿ ಏನನ್ನೋ ಇಟ್ಟು, ಬಿಸಿಲು ಬರುವುದನ್ನು ಕಾಯುತ್ತಿದ್ದಳು. ತಲೆಗೆಣ್ಣೆಯ ಸೀಸೆ. ಮೈಸೂರಿನ ಮನೆಯಲ್ಲೂ ಚಳಿಗಾಲದ ಬೆಳಿಗ್ಗೆ ಅವಳು ಮಾಡುವ ಮೊದಲ ಕೆಲಸ ಅದು. ಸೀಸೆಯ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಅವಳು ಸೀಸೆಯನ್ನು ತಲೆಕೆಳಗು ಮಾಡಿ ನನ್ನ ಮೂಗಿನ ಮುಂದೆ ಹಿಡಿದಳು. ಒಂದು ಹನಿಯೂ ಇಳಿಯಲಿಲ್ಲ.

"ನಿನ್ ಕಾರಿಗೂ ಇದ್ನೇ ಅಲ್ವೇನಪ್ಪ ಹಾಕಿರೋದು?" ಎಂದಳು.

ಖಾದರ್ ಸಾಹೇಬರು ಹಣೆ ಹಣೆ ಚಚ್ಚಿಕೊಂಡು ನಗತೊಡಗಿದರು. ಅಲ್ಲಿದ್ದವರೆಲ್ಲ ಕೊಬ್ಬರಿಯ ಊರಿನವರು, ಪ್ರತಿಯೊಬ್ಬರ ಮನೆಯ ಕಿಟಕಿಯಲ್ಲೂ ಆ ಹೊತ್ತಿಗೆ ಒಂದು ಸೀಸೆ ಬಿಸಿಲು ಕಾಯುತ್ತಿತ್ತು. ಯುಗಾದಿಯ ಬಿಸಿಲಿನಲ್ಲಿ ಓಡಿದ ಜೀಪಿನ ಉಪಾಯವನ್ನು ಪುಷ್ಯದ ಚಳಿಗೆ ತಂದಿದ್ದೆವು. ವಸ್ತು ತಣ್ಣಗಾದರೆ ಗಟ್ಟಿಯಾಗುತ್ತದೆ ಎಂಬ ಪಾಠವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆಮೇಲೆ ನಡೆದದ್ದನ್ನು ನಾನು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. ಹತ್ತು ಹನ್ನೆರಡು ಜನ ಕಾರನ್ನು ಮರದ ನೆರಳಿನಿಂದ ತಳ್ಳಿ, ಮೂತಿ ಸೂರ್ಯನ ಕಡೆಗೆ ತಿರುಗಿಸಿ ನಿಲ್ಲಿಸಿದರು. ಹೋಟೆಲಿನವರು ಇಡ್ಲಿ ಬೇಯಿಸುವ ನೀರನ್ನೇ ಬಕೆಟ್ಟಿಗೆ ಸುರಿದು ಕೊಟ್ಟರು. ಕೊಬ್ಬರಿ ಮಂಡಿಯ ಹಮಾಲರೊಬ್ಬರು ಗೋಣಿಚೀಲ ಹರಿದರು. ಖಾದರ್ ಸಾಹೇಬರು ಬಿಸಿ ಗೋಣಿಯನ್ನು ಡಬ್ಬಿಗೂ ಕೊಳವೆಗೂ ಸುತ್ತಿ, ಆರಿದ ಹಾಗೆಲ್ಲ ಬದಲಾಯಿಸಿದರು, ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಹಾಕುವ ಜಾಗ್ರತೆಯಲ್ಲಿ. ವಕೀಲರು ಕೋಟು ಬಿಚ್ಚಿ ಬಕೆಟ್ ಹೊತ್ತರು. ಬಸ್ಸಿನೊಳಗಿನ ಪ್ರಯಾಣಿಕರು ಹೊತ್ತಾಯಿತೆಂದು ಕೂಗಿದರೆ ಖಾದರ್ ಸಾಹೇಬರು, "ಅಜ್ಜಿ ಕಣ್ಣಿನ್ ವಿಷ್ಯ ಕಣ್ರಪ್ಪಾ, ಒಂಚೂರು ಇರಿ!" ಎಂದು ತಿರುಗಿ ಕೂಗಿದರು. ಅದು ಕೇಳಿ ಕೂಗಿದವರಲ್ಲೇ ಇಬ್ಬರು ಇಳಿದು ಬಂದರು. ಒಂಬತ್ತೂಕಾಲಿಗೆ ಪೆಡಲ್ ಒಂದು ಬೆರಳಿನಷ್ಟು ಇಳಿಯಿತು. ಒಂಬತ್ತೂವರೆಗೆ ಪೂರ್ತಿ. ಎಂಜಿನ್ ಶುರು ಮಾಡಿದೆ.

"ಎಂಜಿನ್ ಆಫ್ ಮಾಡ್ಬೇಡಿ ಸಾರ್. ಅದರ ಶಾಖಕ್ಕೇ ಎಣ್ಣೆ ಕರಗ್ಕೊಂಡಿರ್ತದೆ. ನಾಳೆ ಸರಿಯಾದ ಎಣ್ಣೆ ನಮ್ ಬಸ್ಸಲ್ಲೇ ತಂದ್ಕೊಡ್ತೀನಿ," ಎಂದರು ಖಾದರ್ ಸಾಹೇಬರು. ಅವರ ಹೆಸರು ಬಿಟ್ಟರೆ ಅವರ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿ ನಾನು ಎಲ್ಲೂ ನಿಲ್ಲಲಿಲ್ಲ. ಬೋಳು ಗುಡ್ಡಗಳು ಬಂದವು, ರಸ್ತೆಗೆ ಅಡ್ಡಲಾಗಿ ಕುರಿ ಮಂದೆ ಬಂತು. ಅಮ್ಮ ಕಿಟಕಿಯಿಂದ ಕೈ ಬೀಸಿ ಕುರಿಗಳಿಗೇ, "ಬಿರ್ರನೆ ಹೋಗ್ರವ್ವ!" ಎಂದು ಬೇಡಿಕೊಂಡಳು. ಕ್ಯಾಂಪು ನಡೆಯುತ್ತಿದ್ದ ಶಾಲೆಯ ಮುಂದೆ ನಿಲ್ಲಿಸಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಶಂಕ್ರಣ್ಣ ಗೇಟಿನಲ್ಲಿ ಅತ್ತಿತ್ತ ತಿರುಗುತ್ತಿದ್ದ. ದೊಡ್ಡಮ್ಮ ಮೆಟ್ಟಿಲ ಮೇಲೆ ಕಂಬ ತಬ್ಬಿಕೊಂಡು ಕೂತಿದ್ದಳು. ಹಿಂದೆ ಬಂದವರನ್ನೆಲ್ಲ ಮುಂದೆ ಕಳಿಸಿ ಕೂತವಳು. ಕಾದ ಎಣ್ಣೆಯ ವಾಸನೆ ಕಾರಿನಿಂದ ಗಮ್ಮೆನ್ನುತ್ತಿತ್ತು. ಅವಳು ಮೂಗು ಅರಳಿಸಿ, "ಯಾರ್ಲಾ ಅದು ಇಲ್ಲಿ ಎಣ್ಣೆ ಕಾಯಿಸ್ತಿರೋರು?" ಎಂದಳು.

"ನಾನೇ ಕಣಕ್ಕಾ," ಎಂದಳು ಅಮ್ಮ.

ದೊಡ್ಡಮ್ಮ ಕಂಬ ಬಿಟ್ಟಳು. ಅಮ್ಮನ ಕೈಗಾಗಿ ತಡಕಿ, ಹಿಡಿದು, ಎದ್ದು ಒಳಕ್ಕೆ ನಡೆದಳು. ಕುಂಟುವ ತಂಗಿ, ಕಾಣದ ಅಕ್ಕ, ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ನನಗೆ ಅಳು ಬಂತು. ಬಾನೆಟ್ ಎತ್ತಿ ಅದರ ಮರೆಯಲ್ಲಿ ಕಣ್ಣು ಒರೆಸಿಕೊಂಡೆ.

ಮಾರನೆಯ ದಿನ ಖಾದರ್ ಸಾಹೇಬರು ಹೇಳಿದಂತೆ ಎಣ್ಣೆ ಡಬ್ಬಿ ತಂದುಕೊಟ್ಟರು. ಊರಿನ ಮೆಕ್ಯಾನಿಕ್ಕು ಕೊಬ್ಬರಿ ಎಣ್ಣೆಯನ್ನೆಲ್ಲ ತೆಗೆದು, ಕೊಳವೆ ತೊಳೆದು, ವಾಷರ್ ಬದಲಾಯಿಸಿ ಸರಿಯಾದ ಎಣ್ಣೆ ತುಂಬಿದ. ಆಪರೇಷನ್ ಆದ ಮೇಲೆ ಒಂದು ವಾರ ಅಮ್ಮ ಶಾಲೆಯ ಕೋಣೆಯಲ್ಲಿ ಅಕ್ಕನ ಚಾಪೆಯ ಪಕ್ಕದಲ್ಲೇ ಕೂತಳು. ಕಟ್ಟು ಬಿಚ್ಚಿದಾಗ ಮೊದಲು ಕಂಡವಳು ಅವಳೇ. ಕ್ಯಾಂಪಿನವರು ದಪ್ಪ ಗಾಜಿನ ಕನ್ನಡಕ ಕೊಟ್ಟರು. ಕಾರಿನ ಕಥೆಯನ್ನು ದೊಡ್ಡಮ್ಮ ದಿನಕ್ಕೆ ಎರಡು ಸಲ ಹೇಳಿಸಿಕೊಂಡು ನಕ್ಕಳು. ಎಣ್ಣೆ ಬದಲಾಯಿಸಿದ್ದನ್ನೂ ನಾನೇ ಅವಳಿಗೆ ಹೇಳಿದೆ.

ನನ್ನ ರಜೆ ಮುಗಿದಿತ್ತು. ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಅವಳ ಮನೆಯಿಂದ ಹೊರಬಂದು ನೋಡಿದರೆ ಕಾರು ನಿಲ್ಲಿಸಿದ ಜಾಗದಲ್ಲಿರಲಿಲ್ಲ. ದೊಡ್ಡಮ್ಮ ಶಂಕ್ರಣ್ಣನಿಂದ ಅದನ್ನು ಕಣದ ನಡುವಿಗೆ ತಳ್ಳಿಸಿ, ಮೂತಿ ಬಿಸಿಲಿಗೆ ಮಾಡಿಸಿ, ಬಾನೆಟ್ ಎತ್ತಿಸಿದ್ದಳು. ಎತ್ತಿದ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಪಕ್ಕದ ಅಂಚಿನಲ್ಲಿ ಎರಡು ಎಣ್ಣೆ ಸೀಸೆಗಳು, ಒಂದು ಅವಳದು, ಒಂದು ಅಮ್ಮನದು. ಎರಡೂ ಆಗಲೇ ಕರಗಿದ್ದವು.

"ಹೊರಡೋಣ್ವಾ?" ಎಂದೆ.

ದೊಡ್ಡಮ್ಮ ದಪ್ಪ ಕನ್ನಡಕ ಸರಿಮಾಡಿಕೊಂಡು ಕ್ಲಚ್ಚಿನ ಡಬ್ಬಿಯೊಳಕ್ಕೆ ಬಗ್ಗಿ ನೋಡಿದಳು. ಒಳಗೆ ಎಣ್ಣೆ ಬಾವಿ ನೀರಿನಷ್ಟು ತಿಳಿಯಾಗಿತ್ತು.

"ಇನ್ನೂ ಕರಗಿಲ್ಲ ಕಣಪ್ಪ," ಎಂದಳು. "ಬೆಳ್ಳಗೆ ಗಟ್ಟಿಗೈತೆ."

ಅಮ್ಮನೂ ಕುಂಟುತ್ತಾ ಬಂದು ಇಣುಕಿದಳು. "ಹೂಂ ಕಣ್ಲಾ, ಕಲ್ಲಾಗೈತೆ," ಎಂದು, ಅಕ್ಕನ ಪಕ್ಕದಲ್ಲಿ ಕಣದ ಕಟ್ಟೆಯ ಮೇಲೆ ಕೂತಳು.

ನಾನು ಡಬ್ಬಿಯನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ಕೇಳಿದೆ. ನಾವು ಅಲ್ಲಿಂದ ಹೊರಟಾಗ ಮಧ್ಯಾಹ್ನ ಮೂರು ಗಂಟೆ.