ಹೆಸರು ತೆಗೆಯುವ ಅಂಬಣ್ಣ

ಅಂಬಣ್ಣನಿಗೆ ಮನುಷ್ಯರು ಬೇಕಿರಲಿಲ್ಲ, ನಿಯಮಗಳಿದ್ದರೆ ಸಾಕಿತ್ತು. ಹದಿನಾಲ್ಕು ವರ್ಷ ಒಂದೇ ಕಚೇರಿಯಲ್ಲಿ ಅವನನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ಸಿಕಂದರಾಬಾದಿನಲ್ಲಿ ಸ್ಟೇಷನ್ ಹಿಂದಿನ ಬೀದಿಯ ಎರಡು ಕೋಣೆಗಳಿಂದ ಮನಶ್ಶಾಸ್ತ್ರದ ತ್ರೈಮಾಸಿಕವೊಂದು ಹೊರಡುತ್ತದೆ. ಅದರ ಸಂಪಾದಕಿ ನಾನು. ಒಳಗಿನ ಕೋಣೆ ನನ್ನದು, ಹೊರಗಿನದು ಅಂಬಣ್ಣನದು. ಅವನು ಗುರುಮಠಕಲ್ ಕಡೆಯವನು. ಪಿಯುಸಿ ಮುಗಿಸಿ ಬಂದು ಹೈದರಾಬಾದಿನ ಕೋಠಿಯ ಪುಸ್ತಕದಂಗಡಿಯಲ್ಲಿ ಗಂಟು ಕಟ್ಟುತ್ತಿದ್ದ. ಅಲ್ಲೇ ಕರಡು ತಿದ್ದುವುದನ್ನು ಕಲಿತು ನಮ್ಮಲ್ಲಿಗೆ ಬಂದ.

ನಮಗೆ ಬರುವ ಲೇಖನವನ್ನು ಇಬ್ಬರು ಪರಿಶೀಲಕರು ಓದುತ್ತಾರೆ. ಬರೆದವರು ಯಾರೆಂದು ಅವರಿಗೆ ತಿಳಿಯಬಾರದು. ತಿಳಿದರೆ ಲೇಖನಕ್ಕಿಂತ ಮೊದಲು ಹುದ್ದೆ ಓದುತ್ತಾರೆ. ಆದ್ದರಿಂದ ಹೆಸರು ಮೊದಲ ಹಾಳೆಯಲ್ಲಿ ಮಾತ್ರ ಇರಬೇಕು. ಆ ಹಾಳೆಯನ್ನು ಅಂಬಣ್ಣ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ಒಳಗೆಲ್ಲಾದರೂ ಹೆಸರು ಸಿಕ್ಕರೆ ಲೇಖನ ವಾಪಸು. ಕಚೇರಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಈ ನಿಯಮ ಮಾಡಿದವಳು ನಾನು, ಪಾಲಿಸಿದವನು ಅವನು. ಹೆಂಡತಿ ಶರಣಬಸಮ್ಮ ತೀರಿಕೊಂಡ ಐದನೆಯ ದಿನ ಕೆಲಸಕ್ಕೆ ಬಂದು, ಉಲ್ಲೇಖಪಟ್ಟಿಯಲ್ಲಿ ಇಸವಿ ಬಿಟ್ಟಿದ್ದ ಪ್ರೊಫೆಸರೊಬ್ಬರ ಲೇಖನವನ್ನು ಹಿಂದಕ್ಕೆ ಕಳಿಸಿದ. ಇನ್ನೆರಡು ದಿನ ಮನೆಯಲ್ಲಿರು ಎಂದೆ. "ಮನ್ಯಾಗ ಕುಂತು ಏನ ಮಾಡಲ್ರಿ ಮೇಡಂ" ಎಂದ. ನಾನೂ ಮತ್ತೆ ಕೇಳಲಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಸಂಪದಾ ಎಂಬ ಉಪನ್ಯಾಸಕಿಯ ಲೇಖನ ಬಂತು. ಖಾಸಗಿ ಕಾಲೇಜಿನಲ್ಲಿ ಗುತ್ತಿಗೆಯ ಕೆಲಸ. ನಮ್ಮ ಆ ಸಂಚಿಕೆಯ ಗಡುವು ಇಪ್ಪತ್ತೆಂಟರ ಸಂಜೆ ಐದು. ಅದಕ್ಕೆ ಲೇಖನ ಪರಿಶೀಲನೆಗೆ ಸೇರಿದೆ ಎಂಬ ನಮ್ಮ ಮೊಹರಿನ ರಸೀದಿಯನ್ನು ಕಾಲೇಜಿಗೆ ತೋರಿಸದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ. ಹೈದರಾಬಾದಿನ ಕೊಂಡಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಯಾದಗಿರಿ, ರಾಯಚೂರು ಕಡೆಯ ಹೆಂಗಸರ ನಿದ್ದೆಯ ಬಗ್ಗೆ ಬರೆದಿದ್ದಳು. ಲೇಖನ ಇಂಗ್ಲಿಷಿನಲ್ಲಿ. ಸಂದರ್ಶನದ ಮಾತುಗಳನ್ನು ಮಾತ್ರ ಆಡಿದ ಭಾಷೆಯಲ್ಲೇ ಕೊಟ್ಟು ಕೆಳಗೆ ಅನುವಾದ ಹಾಕುವುದು ನಮ್ಮ ಪದ್ಧತಿ.

ಅಲ್ಲಿ ತೊಂದರೆ ಬಂತು. ನಮ್ಮ ಕಡೆಯ ಹೆಂಗಸರು ಹೆಸರು ಹಿಡಿದು ಸಂಬಂಧದ ವರಸೆ ಹಚ್ಚದೆ ಮಾತಾಡುವುದಿಲ್ಲ. ಹದಿನಾಲ್ಕು ಕಡೆ 'ಸಂಪದಕ್ಕ' ಎಂದಿತ್ತು. ಅಂಬಣ್ಣ ವಾಪಸು ಕಳಿಸಿದ. ಅವಳು ಫೋನ್ ಮಾಡಿದಳು. ಅವನು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಾನೆ, ಒಳಗೆ ಎಲ್ಲ ಕೇಳುತ್ತದೆ.

"ಅಣ್ಣಾರ, ಓದೋರು ಪುಣೆದವರು, ದಿಲ್ಲಿಯವರು. ಅವರಿಗೆ ಕನ್ನಡ ಬರಂಗಿಲ್ರಿ."

"ನನಗ ಬರತೈತಲ್ರಿ."

"ಅವರು ಆಡಿದ ಮಾತು ನಾ ಹೆಂಗ ಕತ್ತರಿಸ್ಲಿ?"

"ಅದು ನಿಮ್ಮ ವಿದ್ಯಾ. ನನ್ನ ಕೆಲಸ ಹೆಸರು ನೋಡೋದು."

ಎರಡನೆಯ ಸಲ 'ಸಂ. ಅಕ್ಕ' ಎಂದು ಮಾಡಿ ಕಳಿಸಿದಳು. ಅರ್ಧ ಹೆಸರೂ ಹೆಸರೇ ಎಂದು ಅದೂ ವಾಪಸಾಯಿತು. ಆಗ ಅವಳು ನನಗೆ ಫೋನ್ ಮಾಡಿ ಒಂದು ವಾರ ಸಮಯ ಕೇಳಿದಳು. ಕೊಡುವ ಅಧಿಕಾರ ನನಗಿತ್ತು. ಗಡುವು ಎಲ್ಲರಿಗೂ ಒಂದೇ ಎಂದೆ.

ಇಪ್ಪತ್ತೆಂಟರಂದು ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳೇ ಎರಡು ಮುದ್ರಿತ ಪ್ರತಿ ಹಿಡಿದು ಬಂದಳು. ಬಾಗಿಲು ತೆರೆದಿತ್ತು, ನಾನು ನನ್ನ ಜಾಗದಿಂದ ನೋಡುತ್ತಿದ್ದೆ.

"ಇನ್ನೂ ಹತ್ತು ನಿಮಿಷ ಐತ್ರಿ ಅಣ್ಣಾರ."

"ಗಡಿಯಾರ ನನಗೂ ಕಾಣತೈತಿ. ಕೂಡ್ರಿ."

"ಎಲ್ಲಾ ಕಡೆ ಬರೇ 'ಅಕ್ಕ' ಅಂತ ಮಾಡೀನಿ. ಕಂಪ್ಯೂಟರಿಗೇ ಹುಡುಕಿ ಬದಲ ಮಾಡಂತ ಹೇಳಿದ್ದೆ. ಈ ಸಲ ನಿಮಗ ಏನೂ ಸಿಗಂಗಿಲ್ಲ."

"ಸಿಗಲಿ ಅಂತ ಯಾರ ಹುಡುಕ್ತಾರ್ರಿ."

ಅವನು ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ಹಾಳೆ ತಿರುವಿದ. ಒಂದು ಹಾಳೆಯಲ್ಲಿ ಬೆರಳು ನಿಂತಿತು. ಎರಡನೆಯ ಪ್ರತಿಯಲ್ಲೂ ಅದೇ ಹಾಳೆಯಲ್ಲಿ ನಿಂತಿತು. ಮುಖದಲ್ಲಿ ಏನೂ ಇರಲಿಲ್ಲ, ಎಂದೂ ಇರುತ್ತಿರಲಿಲ್ಲ. ಆಮೇಲೆ ಉಳಿದ ಹಾಳೆಗಳನ್ನು ಮುಗಿಸಿ, ರಸೀದಿ ಬರೆದು ಮೊಹರು ಒತ್ತಿದ.

ಸಂಪದಾ ರಸೀದಿಯನ್ನು ಎರಡು ಸಲ ಓದಿದಳು. "ಇವತ್ತ ಏನ ಊಟಾ ಮಾಡೀರಿ ಅಣ್ಣಾರ? ಕೈ ಭಾಳ ಸಡ್ಲ ಐತಿ."

"ಐದಕ್ಕ ಬಾಗಲಾ ಹಾಕ್ತೀನಿ. ಹೋಗ್ರಿ."

ಅವಳು ಹೋದಳು. ಐದಕ್ಕೆ ನಾನೂ ಹೊರಟೆ. ಅವನು ಇನ್ನೂ ಕಂಪ್ಯೂಟರಿನ ಮುಂದೆ ಕೂತಿದ್ದ.

ಮರುದಿನ ಬೆಳಿಗ್ಗೆ ಅಂಚೆಗೆ ಹೋಗಬೇಕಿದ್ದ ಎರಡೂ ಪ್ರತಿಗಳನ್ನು ತರಿಸಿಕೊಂಡೆ. ಎಲ್ಲ ಸರಿ ಇದೆಯೇ ಎಂದು ಕೇಳಿದೆ.

"ಐತ್ರಿ ಮೇಡಂ."

ಅವನು ಹೊರಗೆ ಹೋದ ಮೇಲೆ, ತಪ್ಪು ಹಿಡಿಯಲೆಂದೇ ಒಂದೊಂದೇ ಪುಟ ನೋಡಿದೆ. ಹತ್ತೊಂಬತ್ತನೆಯ ಪುಟದಲ್ಲಿ ಯಂಕಮ್ಮ ಎಂದು ಹೆಸರು ಬದಲಿಸಿದ್ದ ಮುದುಕಿಯೊಬ್ಬಳ ಮಾತಿತ್ತು. ಅವಳು ಸಂಪದಾಳನ್ನು ಉಳಿದವರಂತೆ ಅಕ್ಕ ಎಂದಿರಲಿಲ್ಲ. 'ಸಂಪದವ್ವ' ಎಂದಿದ್ದಳು. ಕಂಪ್ಯೂಟರು ಹುಡುಕಿದ್ದು ಅಕ್ಕನನ್ನು ಮಾತ್ರ, ಹಾಗಾಗಿ ಇದು ಉಳಿದುಹೋಗಿತ್ತು. ಉಳಿದದ್ದು ನನಗೆ ತಿಳಿದದ್ದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ. ಅದರ ಮೇಲೆ ಅಂಬಣ್ಣ ಬೆರಳಿನ ಉಗುರಿನಷ್ಟು ಬಿಳಿ ಪಟ್ಟಿಯೊಂದನ್ನು ಅಂಟಿಸಿದ್ದ. ಪಟ್ಟಿಯ ಮೇಲಿನ ಅಚ್ಚು ಅದೇ ಅಳತೆಯದು, ಸಾಲು ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಎರಡನೆಯ ಪ್ರತಿಯಲ್ಲೂ ಹಾಗೆಯೇ.

"ನಿದ್ದಿ ಬರತೈತಿ ಅವ್ವ. ಎಚ್ಚರ ಆಗೋದ ಬ್ಯಾಡ ಅನಸತೈತಿ."

'ಅಕ್ಕ' ಎಂದು ಹಾಕಿರಲಿಲ್ಲ. 'ಅವ್ವ' ಎಂದೇ ಹಾಕಿದ್ದ. ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಏಳಲಿಲ್ಲ. ಎರಡೂ ಲಕೋಟೆಗಳ ಬಾಯಿಗೆ ನಾನೇ ಅಂಟು ಹಚ್ಚಿ, ಅಂಚೆಗೆ ಹಾಕಲು ಅವನನ್ನು ಕರೆದೆ.